ಅಜ್ಜಿ ನೆಟ್ಟ ಆಲದ ಮರ

(ಸಾಲ್ಟ್ ಲೇಕ್‌ನಲ್ಲಿ ನಡೆದ ಮಹಿಳಾ ವೇದಿಕೆಯ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹಳೆಯ ಮರಗಳ ಬಗ್ಗೆ ನಾಲ್ಕು ಮಾತು ಹೇಳಬೇಕು ಅಂತ ವೇದಿಕೆಯವರು ಕೇಳಿದರು. ತಮಾಷೆ ಏನೆಂದರೆ, ನಾವು ಕುಳಿತಿರುವ ಈ ಸಾಲ್ಟ್ ಲೇಕ್‌ನಲ್ಲಿ ಹಳೆಯ ಮರ ಅನ್ನುವುದೇ ಇಲ್ಲ. 1962ರಲ್ಲಿ ಹೂಗ್ಲಿ ನದಿಯ ಹೂಳನ್ನು ಪೈಪುಗಳಲ್ಲಿ ಹರಿಸಿ ತಂದು, ಉಪ್ಪುನೀರಿನ ಜೌಗನ್ನು ತುಂಬಿಸಲು ಶುರು ಮಾಡಿದರು. ಆ ನೆಲದ ಮೇಲೆ ಸೆಕ್ಟರ್, ಬ್ಲಾಕ್, ಉದ್ಯಾನ ಎಂದು ಗೆರೆ ಎಳೆದು ಊರು ಕಟ್ಟಿದರು. ಇಲ್ಲಿ ಅರವತ್ತು ವರ್ಷ ದಾಟಿದ ಮರ ಸಿಕ್ಕರೆ ಅದೇ ಹೆಚ್ಚು. ಈ ಸಭೆಯಲ್ಲಿರುವ ಕೆಲವು ಹಿರಿಯರು ನಮ್ಮ ಬೀದಿಯ ಮರಗಳಿಗಿಂತ ದೊಡ್ಡವರು! 2020ರ ಮೇ 20ರ ರಾತ್ರಿ ಅಂಫಾನ್ ಚಂಡಮಾರುತ ಬಂದಾಗ ಆ ಮರಗಳಲ್ಲಿ ಎಷ್ಟೋ ಬುಡಸಮೇತ ಕಿತ್ತು ಬಿದ್ದಿದ್ದನ್ನು ನಮ್ಮಲ್ಲಿ ಬಹಳ ಜನ ಕಣ್ಣಾರೆ ಕಂಡಿದ್ದೇವೆ. ಮರ ಹೋದ ಮೇಲೆ ಬೀದಿಗೆ ಬಂದ ಬಿಸಿಲು ಎಂಥದ್ದು ಅನ್ನುವುದೂ ನಮಗೆ ಗೊತ್ತಿದೆ.

ಆದರೆ ಇಲ್ಲಿಂದ ಹೊರಟು ಹೂಗ್ಲಿಯನ್ನು ದಾಟಿ ಹೌರಾದ ಶಿಬಪುರಕ್ಕೆ ಹೋದರೆ ಕಥೆಯೇ ಬೇರೆ. ಅಲ್ಲಿನ ಸಸ್ಯೋದ್ಯಾನವನ್ನು 1787ರಲ್ಲಿ ಕರ್ನಲ್ ರಾಬರ್ಟ್ ಕಿಡ್ ಎಂಬ ಅಧಿಕಾರಿ ಸ್ಥಾಪಿಸಿದ. ಈಗ ಅದಕ್ಕೆ ಆಚಾರ್ಯ ಜಗದೀಶ ಚಂದ್ರ ಬೋಸರ ಹೆಸರು. ಅದರೊಳಗಿನ ದೊಡ್ಡ ಆಲದ ಮರಕ್ಕೆ ಸುಮಾರು 250 ವರ್ಷ ವಯಸ್ಸು. ಅಂದರೆ ತೋಟಕ್ಕಿಂತ ಮರವೇ ಹಿರಿದು. ಒಂದು ಈಚಲು ಮರದ ಮೇಲೆ ಹಕ್ಕಿ ಬೀಳಿಸಿದ ಬೀಜದಿಂದ ಇದು ಹುಟ್ಟಿತು, ಆ ಈಚಲಿನ ಕೆಳಗೆ ಒಬ್ಬ ಫಕೀರ ಕೂರುತ್ತಿದ್ದ ಎಂದು ಹಳಬರು ಹೇಳಿಕೊಂಡು ಬಂದಿದ್ದಾರೆ. ಇವತ್ತು ಅದು ಹರಡಿರುವ ಜಾಗ ಹತ್ತಿರ ಹತ್ತಿರ ನಾಲ್ಕೂವರೆ ಎಕರೆ. ಬಿಳಲುಗಳೇ ಮೂರೂವರೆ ಸಾವಿರಕ್ಕೂ ಹೆಚ್ಚು. ಮರದ ಸುತ್ತ ಓಡಾಡಲು 330 ಮೀಟರ್ ಉದ್ದದ ರಸ್ತೆ ಹಾಕಿದ್ದರು. ಮರ ಅದನ್ನೂ ದಾಟಿ ಆಚೆಗೆ ಬೆಳೆದುಬಿಟ್ಟಿದೆ.

ಇದರಲ್ಲಿ ಎಲ್ಲಕ್ಕಿಂತ ದೊಡ್ಡ ಆಶ್ಚರ್ಯ ಏನು ಗೊತ್ತೇ? ಈ ಮರಕ್ಕೆ ಬೊಡ್ಡೆಯೇ ಇಲ್ಲ. 1864 ಮತ್ತು 1867ರ ಚಂಡಮಾರುತಗಳಲ್ಲಿ ಮರಕ್ಕೆ ಪೆಟ್ಟಾಯಿತು. ಮುರಿದ ಕಡೆ ಶಿಲೀಂಧ್ರ ಸೇರಿಕೊಂಡು ಒಳಗೊಳಗೇ ಕೊಳೆಯಿತು. ಕೊನೆಗೆ 1925ರಲ್ಲಿ, 15 ಮೀಟರಿಗೂ ಹೆಚ್ಚು ಸುತ್ತಳತೆಯಿದ್ದ ಮೂಲ ಕಾಂಡವನ್ನೇ ಕತ್ತರಿಸಿ ತೆಗೆದರು. ಅದಾಗಿ ನೂರು ವರ್ಷ ಕಳೆದಿದೆ. ಮರ ಮಾತ್ರ ಬೆಳೆಯುತ್ತಲೇ ಇದೆ. ಕೊಂಬೆಯಿಂದ ಇಳಿದ ಬಿಳಲು ನೆಲ ಮುಟ್ಟಿ, ಬೇರು ಬಿಟ್ಟು, ದಪ್ಪವಾಗಿ ತಾನೇ ಕಂಬವಾಗುತ್ತದೆ. ಕೊಂಬೆಯ ಭಾರವನ್ನೂ ಹೊರುತ್ತದೆ, ನೆಲದ ನೀರನ್ನೂ ಕುಡಿಸುತ್ತದೆ. ಮಗಳು ಬೆಳೆದು ತಾಯಿಯ ಸಂಸಾರದ ಭಾರ ಹೊತ್ತ ಹಾಗೆ ಅನ್ನಿ. ಎಳೆಯ ಬಿಳಲು ದಾರಿಯಲ್ಲೇ ಒಣಗದಿರಲಿ ಎಂದು ಬಿದಿರಿನ ಕೊಳವೆಯ ಆಸರೆ ಕೊಟ್ಟು ನೆಲಕ್ಕೆ ಇಳಿಸುತ್ತಾರೆ. ಅಂಫಾನ್ ಬಂದಾಗ ಈ ಮರವೂ ಹಲವು ಬಿಳಲುಗಳನ್ನು ಕಳೆದುಕೊಂಡಿತು. ಮತ್ತೆ ಚೇತರಿಸಿಕೊಂಡಿತು. ಸಸ್ಯ ಸರ್ವೇಕ್ಷಣಾ ಇಲಾಖೆಯವರು ಇದೇ ಮರವನ್ನು ತಮ್ಮ ಲಾಂಛನದಲ್ಲಿಟ್ಟುಕೊಂಡಿದ್ದಾರೆ.

ಆಲದ ಮರದ ಶಾಸ್ತ್ರೀಯ ಹೆಸರಿನಲ್ಲೂ ಬಂಗಾಳವಿದೆ: ಫೈಕಸ್ ಬೆಂಗಾಲೆನ್ಸಿಸ್. ನಮ್ಮ ಆಲ ಇವರಿಗೆ ಬಟ್‌ಗಾಛ್, ಸಂಸ್ಕೃತದ ವಟವೃಕ್ಷ. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಕಾರಹುಣ್ಣಿಮೆಯ ದಿನ ವಟಸಾವಿತ್ರಿ ವ್ರತ ಮಾಡಿ ಆಲಕ್ಕೆ ದಾರ ಸುತ್ತುತ್ತೇವೆ. ಇಲ್ಲಿನ ಹೆಣ್ಣುಮಕ್ಕಳು ಮಕ್ಕಳ ಕ್ಷೇಮಕ್ಕೆ ಷಷ್ಠಿದೇವಿಯನ್ನು ಆಲದ ಬುಡದಲ್ಲಿ ಪೂಜಿಸುತ್ತಾರೆ. ಅಳಿಯನಿಗೆ ಊಟ ಹಾಕುವ ಜಾಮಾಯಿ ಷಷ್ಠಿ ಎಂದು ನಾವು ಬಲ್ಲ ದಿನಕ್ಕೆ ಅರಣ್ಯ ಷಷ್ಠಿ ಅನ್ನುವ ಇನ್ನೊಂದು ಹೆಸರೂ ಇದೆ. ಭಾಷೆ ಬೇರೆ, ಹಬ್ಬ ಬೇರೆ, ಮರ ಮಾತ್ರ ಒಂದೇ.

ಇನ್ನು ನಮ್ಮ ಕಡೆಯ ಮರಗಳಿಗೆ ಬರೋಣ. ಬೆಂಗಳೂರಿನವರಿಗೆ ಕೇತೋಹಳ್ಳಿಯ ದೊಡ್ಡ ಆಲದ ಮರ ಹೇಳಿಕೊಡಬೇಕಾಗಿಲ್ಲ. ಶಾಲೆಯಲ್ಲಿದ್ದಾಗ ಪಿಕ್ನಿಕ್ ಎಂದರೆ ಅದೇ ಮರ, ಅದೇ ಚಿತ್ರಾನ್ನ, ಅದೇ ಕೋತಿಗಳು. ಸುಮಾರು 400 ವರ್ಷದ ಮರ, ಮೂರು ಎಕರೆಯ ಹರವು, ಕೆಳಗೆ ಮುನೇಶ್ವರನ ಗುಡಿ. ಶಿಬಪುರದ ಮರದ ಹಾಗೆಯೇ ಇದರ ಮೂಲ ಬೊಡ್ಡೆಯೂ ರೋಗದಿಂದ ಹೋಯಿತು. 2024ರ ಮಳೆಗಾಲದಲ್ಲಿ ಮರದ ಒಂದು ಭಾಗ ಕುಸಿದು ಬಿತ್ತು. ಆ ಸುದ್ದಿ ಓದಿದಾಗ ಮನೆಯ ಹಿರಿಯರೊಬ್ಬರನ್ನು ಆಸ್ಪತ್ರೆಗೆ ಸೇರಿಸಿದ ಹಾಗೆ ಆಯಿತು ಎಂದವರು ನಮ್ಮಲ್ಲೇ ಇದ್ದಾರೆ.

ಸವಣೂರಿನ ಕಡೆಯವರು ಯಾರಾದರೂ ಇದ್ದೀರಾ? ನಿಮ್ಮೂರಿನ ಮಠದ ಆವರಣದಲ್ಲಿ ಆಫ್ರಿಕಾ ಮೂಲದ ಮೂರು ಬಾವೊಬಾಬ್ ಮರಗಳಿವೆ. ಜನ ಪ್ರೀತಿಯಿಂದ ಕರೆಯುವುದು ದೊಡ್ಡ ಹುಣಸೆ ಮರ ಅಂತ. ಮಠಕ್ಕೂ ಆ ಹೆಸರೇ ಬಂದಿದೆ. ಹತ್ತು ಜನ ಕೈ ಕೈ ಹಿಡಿದು ನಿಂತರೂ ತಬ್ಬುವುದು ಕಷ್ಟ, ಅಷ್ಟು ದಪ್ಪ. 2023ರ ಮಳೆಗಾಲದಲ್ಲಿ ಮೂರರಲ್ಲಿ ಒಂದು ಉರುಳಿ ಬಿತ್ತು. ಬಿದ್ದ ಮರವನ್ನು ಸೌದೆಗೆ ಕಡಿಯಲಿಲ್ಲ. ಯಂತ್ರಗಳಿಂದ ಎತ್ತಿ ಮತ್ತೆ ನಿಲ್ಲಿಸಿದರು, ಅದು ಚಿಗುರಿತು. ಮುದಿಮರ ಬಿದ್ದರೆ ಇನ್ನೇನು ಅಂತ ಕೈಚೆಲ್ಲುವವರಿಗೆ ಇದೊಂದು ಪಾಠ.

ನಾವೆಲ್ಲ ಊರಿಗೆ ಹೋಗುವಾಗ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೇವೆ. ಅದೇ ತಾಲ್ಲೂಕಿನಲ್ಲಿ ನಲ್ಲೂರು ಅಂತ ಒಂದು ಹಳ್ಳಿ. ಅಲ್ಲಿ 54 ಎಕರೆಯಲ್ಲಿ ಒಂದು ಹುಣಸೆ ತೋಪಿದೆ, ನಡುವೆ ಪಾಳುಬಿದ್ದ ಗುಡಿ. ಅಲ್ಲಿನ ಒಂದು ಮರಕ್ಕೆ 400 ವರ್ಷಕ್ಕಿಂತ ಹೆಚ್ಚು ವಯಸ್ಸು ಎಂದು ಕಂಡುಕೊಂಡಿದ್ದಾರೆ. ಪೊಟರೆ ಬಿದ್ದು ಒಳಗೆಲ್ಲ ಖಾಲಿಯಾದ ಮರಗಳು, ಕಾಂಡದ ಸಿಪ್ಪೆಯೊಂದರ ಮೇಲೆ ನಿಂತು ಈಗಲೂ ಹುಣಸೆ ಬಿಡುತ್ತವೆ. 2007ರಲ್ಲಿ ಈ ತೋಪನ್ನು ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಿದರು. ಇಡೀ ಭಾರತದಲ್ಲಿ ಈ ಮನ್ನಣೆ ಸಿಕ್ಕಿದ ಮೊಟ್ಟಮೊದಲ ಜಾಗ ಅದು! ತಾಜ್ ಮಹಲ್, ಹಂಪಿ ಅಂದರೆ ಪರಂಪರೆ ಅಂತ ಎಲ್ಲರಿಗೂ ಗೊತ್ತು. ನಮ್ಮ ಸಾರಿಗೆ ಹುಳಿ ಕೊಡುವ ಮರವೂ ಪರಂಪರೆಯೇ ಎಂದು ಸರ್ಕಾರದ ಕಾಗದದಲ್ಲಿ ಮೊದಲು ಬರೆಸಿದ್ದು ಕನ್ನಡನಾಡು. ಬಂಗಾಳವೂ ಆಮೇಲೆ ಝಾರ್‌ಗ್ರಾಮದ ಚಿಲ್ಕಿಗಢದಲ್ಲಿರುವ ಕನಕದುರ್ಗಾ ದೇವರಕಾಡಿಗೆ ಇದೇ ಮನ್ನಣೆ ಕೊಟ್ಟಿತು.

ಹೊರದೇಶಗಳಲ್ಲಿ ಇದನ್ನು ಹೇಗೆ ನೋಡುತ್ತಾರೆ? ಮೆಡಿಟರೇನಿಯನ್ ಸಮುದ್ರದ ಕ್ರೀಟ್ ದ್ವೀಪದಲ್ಲಿ ವೂವೆಸ್ ಅನ್ನುವ ಹಳ್ಳಿಯಿದೆ. ಅಲ್ಲೊಂದು ಆಲಿವ್ ಮರ. ಎರಡು ಸಾವಿರ ವರ್ಷವಾದರೂ ಆಗಿದೆ ಎಂದು ಅಂದಾಜು. ಹಳ್ಳಿಯವರು ಅದರ ಪಕ್ಕದಲ್ಲೇ ಸಣ್ಣ ವಸ್ತುಸಂಗ್ರಹಾಲಯ ಮಾಡಿದ್ದಾರೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಗೆದ್ದವರ ತಲೆಗೆ ಕಿರೀಟ ಹೆಣೆಯಲು ಆ ಮರದ ರೆಂಬೆಗಳನ್ನೂ ಬಳಸಿದರು. ಆ ಮರವೂ ಒಳಗೆ ಟೊಳ್ಳು. ಮಧ್ಯದ ಹಳೆಯ ಕಟ್ಟಿಗೆಯೇ ಉಳಿದಿಲ್ಲವಾದ್ದರಿಂದ ನಿಖರ ವಯಸ್ಸು ಎಣಿಸಲು ಬರುವುದಿಲ್ಲ. ಆದರೂ ವರ್ಷ ವರ್ಷ ಕಾಯಿ ಬಿಡುತ್ತದೆ. ಮರದ ಘನತೆಗೆ ಹುಟ್ಟಿದ ತಾರೀಖಿನ ಸರ್ಟಿಫಿಕೇಟ್ ಬೇಡ ಅನ್ನುವುದನ್ನು ಆ ಹಳ್ಳಿಯವರಿಂದ ಕಲಿಯಬಹುದು. ನಮ್ಮಲ್ಲಿ ಯಾವ ಹಳೆಯ ಮರವನ್ನು ಕೇಳಿದರೂ ಪಾಂಡವರು ನೆಟ್ಟಿದ್ದು ಅನ್ನುತ್ತಾರೆ. ಅಷ್ಟು ಹಿಂದಕ್ಕೆ ಹೋಗಲೇಬೇಕೆಂದಿಲ್ಲ. ಇನ್ನೂರು ವರ್ಷವೂ ಗೌರವಕ್ಕೆ ಸಾಕು.

ನೆಟ್ಟವರು ಯಾರು ಎಂದು ಪರಂಪರೆ ನೆನಪಿಟ್ಟುಕೊಂಡ ಹಳೆಯ ಮರವೊಂದಿದೆ. ಅದನ್ನು ತಂದಿದ್ದು ಒಬ್ಬ ಹೆಣ್ಣುಮಗಳು. ಶ್ರೀಲಂಕಾದ ಅನುರಾಧಪುರದ ಬೋಧಿವೃಕ್ಷ. ಅಶೋಕನ ಮಗಳು ಸಂಘಮಿತ್ತೆ ಬೋಧಗಯೆಯ ಅರಳಿಯ ಕೊಂಬೆಯನ್ನು ಕ್ರಿ.ಪೂ. 3ನೇ ಶತಮಾನದಲ್ಲಿ ಅಲ್ಲಿಗೆ ಕೊಂಡೊಯ್ದಳು ಎಂದು ಮಹಾವಂಶ ಹೇಳುತ್ತದೆ. ಹಡಗು ಹತ್ತಿದ್ದು ಯಾವ ಬಂದರಿನಲ್ಲಿ? ತಾಮ್ರಲಿಪ್ತಿಯಲ್ಲಿ. ಇವತ್ತಿನ ತಮಲುಕ್, ಇಲ್ಲೇ ಪೂರ್ವ ಮೇದಿನೀಪುರದಲ್ಲಿದೆ. ಬಯಲಿನ ಮರವೊಂದು ಬಂಗಾಳದ ದಡದಿಂದ ಸಮುದ್ರ ದಾಟಿ ಬೇರೆ ನೆಲದಲ್ಲಿ ಬೇರೂರಿತು. ಮದುವೆಯಾಗಿ, ಗಂಡನ ವರ್ಗಾವಣೆಯಾಗಿ, ನಮ್ಮದೇ ನೌಕರಿಯಾಗಿ ದೂರದ ಊರಿಗೆ ಬಂದು ನೆಲೆನಿಂತ ನಮಗೆ ಈ ಕಥೆ ಬೇಗ ಅರ್ಥವಾಗುತ್ತದೆ ಅಲ್ಲವೇ?

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಕರ್ನಾಟಕದ ಗಡಿಗೆ ತಾಗಿದ ಆಂಧ್ರದ ಕದಿರಿಯ ಹತ್ತಿರ ತಿಮ್ಮಮ್ಮನ ಆಲದ ಮರವಿದೆ. ತೆಲುಗಿನಲ್ಲಿ ತಿಮ್ಮಮ್ಮ ಮರ್‍ರಿಮಾನು. ಐದು ಎಕರೆಯಷ್ಟು ಹರಡಿದ ಆ ಮರ 1989ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. ಬೆಂಗಳೂರಿನ ಪತ್ರಕರ್ತ ರಿಗ್ರೆಟ್ ಅಯ್ಯರ್ ಅದನ್ನು ಜಗತ್ತಿಗೆ ಪರಿಚಯಿಸಿದವರು. ಮರದ ಕಥೆ ಏನು? ಕ್ರಿ.ಶ. 1434ರಲ್ಲಿ ತಿಮ್ಮಮ್ಮ ಎಂಬಾಕೆ ಗಂಡನ ಚಿತೆ ಏರಿದಳಂತೆ. ಚಿತೆಗೆ ಊರಿದ್ದ ಗಳು ಚಿಗುರಿ ಈ ಮರವಾಯಿತಂತೆ. ಮಕ್ಕಳಾಗಲಿ ಎಂದು ಹರಕೆ ಹೊರುವವರು ಇವತ್ತಿಗೂ ಅಲ್ಲಿಗೆ ಹೋಗುತ್ತಾರೆ. ನಂಬಿಕೆಯನ್ನು ನಾನು ಹಳಿಯುವುದಿಲ್ಲ. ಆ ನಂಬಿಕೆಯೇ ಇಷ್ಟು ಕಾಲ ಮರದ ಮೇಲೆ ಕೊಡಲಿ ಬೀಳದಂತೆ ಕಾಪಾಡಿದೆ. ಆದರೆ ಒಂದು ಮರ ಪೂಜ್ಯವಾಗಬೇಕಾದರೆ ಒಬ್ಬ ಹೆಂಗಸು ಬೆಂಕಿಗೆ ಬೀಳಬೇಕೇ ಎಂಬ ಪ್ರಶ್ನೆ ಮನಸ್ಸಿನಲ್ಲಿ ಕೊರೆಯುತ್ತದೆ.

ಅದಕ್ಕೆ ಉತ್ತರ ಕೊಟ್ಟವಳು ಅದೇ ಹೆಸರಿನ ಇನ್ನೊಬ್ಬಳು. ಹೆಚ್ಚುಕಡಿಮೆ ಅದೇ ಹೆಸರು ನೋಡಿ: ತಿಮ್ಮಕ್ಕ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಕೂಲಿ ಹೆಂಗಸು. ಗಂಡ ಚಿಕ್ಕಯ್ಯನ ಜೊತೆ ಸೇರಿ ಹುಲಿಕಲ್ ಕುದೂರು ನಡುವಿನ ರಸ್ತೆಯ ಎರಡೂ ಬದಿಗೆ 385 ಆಲದ ಮರ ಬೆಳೆಸಿದಳು. ಮಕ್ಕಳಿರಲಿಲ್ಲ, ಆ ಕೊರಗಿಗೆ ಮರ ನೆಟ್ಟಳು ಎಂದು ಪತ್ರಿಕೆಗಳಲ್ಲಿ ಬರೆಯುತ್ತಾರೆ. ತಿಮ್ಮಕ್ಕನೂ ಅವನ್ನು ಮಕ್ಕಳೆಂದೇ ಕರೆದಳು, ನಿಜ. ಆದರೆ ಆ ಒಂದು ವಾಕ್ಯದಲ್ಲಿ ಅವಳ ದುಡಿಮೆ, ಅವಳ ಜಾಣ್ಮೆ ಮರೆಯಾಗಿಬಿಡುತ್ತದೆ. ಸುತ್ತಮುತ್ತಲ ಆಲಗಳಿಂದ ಸಸಿ ಮಾಡಿಕೊಳ್ಳುವುದು, ಮೊದಲ ವರ್ಷ ಹತ್ತು, ಆಮೇಲೆ ಹದಿನೈದು, ಇಪ್ಪತ್ತು ಎಂದು ಕೈಲಾದಷ್ಟೇ ನೆಡುವುದು, ಮಳೆಗಾಲ ನೋಡಿಕೊಂಡು ನೆಡುವುದು, ದನಕರು ಮೇಯದಂತೆ ಮುಳ್ಳು ಕಟ್ಟುವುದು, ಕೂಲಿ ಮುಗಿಸಿ ಬಂದು ಕಿಲೋಮೀಟರುಗಟ್ಟಲೆ ನೀರು ಹೊರುವುದು. ಇದೆಲ್ಲ ತಿಳಿದವರು ಮಾಡುವ ಕೆಲಸ. ಚಿಕ್ಕಯ್ಯ 1991ರಲ್ಲಿ ತೀರಿಕೊಂಡರು. ಅವಳು ಚಿತೆ ಏರಲಿಲ್ಲ, ಇನ್ನೂ ಮೂವತ್ತನಾಲ್ಕು ವರ್ಷ ಬದುಕಿ ಮರಗಳ ಪರವಾಗಿ ಮಾತಾಡಿದಳು. 2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲ ಮಾಡುವ ಯೋಜನೆಯಿಂದ ಆ ಮರಗಳಿಗೇ ಕುತ್ತು ಬಂದಾಗ, ನೂರು ದಾಟಿದ ಅಜ್ಜಿ ಸರ್ಕಾರದ ಮುಂದೆ ಹೋಗಿ ಕೇಳಿಕೊಂಡಳು. ಬೇರೆ ದಾರಿ ಹುಡುಕುತ್ತೇವೆ ಎಂದು ಸರ್ಕಾರ ಒಪ್ಪಬೇಕಾಯಿತು. 2025ರ ನವೆಂಬರ್ 14ರಂದು, 114ನೇ ವಯಸ್ಸಿನಲ್ಲಿ ಸಾಲುಮರದ ತಿಮ್ಮಕ್ಕ ನಮ್ಮನ್ನು ಅಗಲಿದಳು. ನಾಲ್ಕು ಶತಮಾನ ಕಳೆದ ಮೇಲೆ ಯಾರಾದರೂ ಆ ರಸ್ತೆಯ ಆಲವನ್ನು ತೋರಿಸಿ ಕಥೆ ಕೇಳಿದರೆ, ಅದು ಸಾವಿನಿಂದ ಹುಟ್ಟಿದ ಮರದ ಕಥೆಯಾಗಿರುವುದಿಲ್ಲ. ನೀರು ಹೊತ್ತ ಹೆಂಗಸಿನ ಕಥೆಯಾಗಿರುತ್ತದೆ.

ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡ ಅವರನ್ನೂ ನೆನೆಯಬೇಕು. ಹಾಲಕ್ಕಿ ಸಮುದಾಯದ ಈ ತಾಯಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ಸೇರಿ ದಶಕಗಳ ಕಾಲ ದುಡಿದರು. 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಪದ್ಮಶ್ರೀ ಪಡೆದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಕಾಡಿನಲ್ಲಿ ತಾಯಿಮರ ಯಾವುದು ಎಂದು ಗುರುತಿಸುವುದು ಅವರ ವಿಶೇಷ ವಿದ್ಯೆಯಾಗಿತ್ತು. ಒಳ್ಳೆಯ ಬೀಜ ಬೇಕಾದರೆ ಬಲಿತ, ಗಟ್ಟಿಯಾದ ಮರ ಬೇಕು. ಅಂಥ ಮರ ಕಡಿದು ಹತ್ತು ಸಸಿ ನೆಟ್ಟರೆ ಲೆಕ್ಕ ಸರಿಹೋಯಿತು ಅನ್ನುವವರಿಗೆ ತುಳಸಿ ಗೌಡರ ಜೀವನವೇ ಉತ್ತರ. ಆ ಹತ್ತು ಸಸಿಗಳಿಗೆ ಬೀಜ ಬರಬೇಕಾದದ್ದೇ ಆ ಮರದಿಂದ.

ಈ ಲೆಕ್ಕದ ಜಗಳ ನಮ್ಮ ಬಾಗಿಲಿಗೇ ಬಂದಿದೆ. ಲೇಕ್ ಟೌನ್ ಕಡೆ ಹೋಗುವಾಗ ನಾವು ದಾಟುವ ಜೆಸ್ಸೋರ್ ರಸ್ತೆ ಬಾರಾಸಾತ್, ಬೊನ್‌ಗಾಂವ್ ದಾಟಿ ಬಾಂಗ್ಲಾದೇಶದ ಗಡಿಯ ಪೆಟ್ರಾಪೋಲ್‌ವರೆಗೆ ಹೋಗುತ್ತದೆ. ಬಾರಾಸಾತ್ ಆಚೆಗೆ ಎರಡೂ ಬದಿಗೆ ನೂರು ವರ್ಷ ದಾಟಿದ ದೈತ್ಯ ಮರಗಳು. ಜೆಸ್ಸೋರಿನ ಜಮೀನ್ದಾರನೊಬ್ಬ ತನ್ನ ತಾಯಿ ಗಂಗಾಸ್ನಾನಕ್ಕೆ ನೆರಳಿನಲ್ಲಿ ಹೋಗಲಿ ಎಂದು ಆ ರಸ್ತೆಗೆ ಮರ ನೆಡಿಸಿದ ಎಂದು ಪ್ರತೀತಿ. 1971ರಲ್ಲಿ ಲಕ್ಷಾಂತರ ನಿರಾಶ್ರಿತರು ನಡೆದು ಬಂದದ್ದು ಇದೇ ನೆರಳಿನ ಕೆಳಗೆ. ಐದು ರೈಲ್ವೆ ಮೇಲ್ಸೇತುವೆ ಕಟ್ಟಲು 356 ಮರ ಕಡಿಯಬೇಕು ಎಂಬ ವಿಷಯ ಹೈಕೋರ್ಟು, ಆಮೇಲೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೋರ್ಟು ನೇಮಿಸಿದ ತಜ್ಞರ ಸಮಿತಿ 2021ರಲ್ಲಿ ಒಂದು ಮರದ ಬೆಲೆ ವರ್ಷಕ್ಕೆ 74,500 ರೂಪಾಯಿ ಎಂದು ಲೆಕ್ಕ ಹಾಕಿತು. ಅಂದರೆ ನೂರು ವರ್ಷದ ಮರಕ್ಕೆ 74 ಲಕ್ಷ ದಾಟುತ್ತದೆ. ಆದರೂ 2023ರಲ್ಲಿ ಕಡಿಯಲು ಅನುಮತಿ ಸಿಕ್ಕಿತು. ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಳ್ಳುವ ಆಂಬುಲೆನ್ಸಿನಲ್ಲಿರುವವರೂ ಯಾರದೋ ತಾಯಿಯೇ, ಅದನ್ನು ನಾವು ಮರೆಯುವಂತಿಲ್ಲ. ಮರವನ್ನು ಉಳಿಸಿಕೊಂಡೇ ಸೇತುವೆಯ ನಕ್ಷೆ ಬರೆಯಬೇಕು ಎಂಬ ಯೋಚನೆ ಮೊದಲ ದಿನವೇ ಬರಬೇಕಿತ್ತು. ಕೊನೆಯ ದಿನ ಕೋರ್ಟಿಗೆ ಹೋದರೆ ಮರ ಅಥವಾ ಮನುಷ್ಯ ಎಂಬ ಎರಡೇ ದಾರಿ ಉಳಿದಿರುತ್ತದೆ.

ಹಾಗಾದರೆ ನಾವೇನು ಮಾಡಬಹುದು? ದೊಡ್ಡ ದೊಡ್ಡ ಮಾತು ಬೇಡ. ನಾಲ್ಕು ಸಣ್ಣ ಕೆಲಸ ಹೇಳುತ್ತೇನೆ.

ಮೊದಲನೆಯದು, ಈ ಚಳಿಗಾಲದಲ್ಲಿ ವೇದಿಕೆಯ ವತಿಯಿಂದ ಶಿಬಪುರಕ್ಕೆ ಒಂದು ದಿನದ ಪ್ರವಾಸ. ಮಕ್ಕಳನ್ನು ಕರೆದುಕೊಂಡು ಹೋಗೋಣ. ಬೊಡ್ಡೆಯಿಲ್ಲದ ಮರ ಹೇಗೆ ಬದುಕುತ್ತದೆ ಅಂತ ಪಠ್ಯಪುಸ್ತಕದಲ್ಲಿ ಓದುವುದಕ್ಕಿಂತ ನೋಡಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ.

ಎರಡನೆಯದು, ವಟಸಾವಿತ್ರಿಗೆ ಆಲದ ರೆಂಬೆ ಕಡಿಸಿ ತಂದು ಫ್ಲ್ಯಾಟಿನ ಕುಂಡದಲ್ಲಿ ಸಿಕ್ಕಿಸಿ ಪೂಜೆ ಮಾಡುವುದನ್ನು ಬಿಡೋಣ. ಗಂಡನ ಆಯುಷ್ಯ ಕೇಳುತ್ತಾ ಮರದ ಆಯುಷ್ಯ ಕಡಿಮೆ ಮಾಡಿದರೆ ಸಾವಿತ್ರಿ ಒಪ್ಪುತ್ತಾಳೆಯೇ? ಹತ್ತಿರದ ಮರಕ್ಕೇ ಹೋಗೋಣ. ಆಗದಿದ್ದರೆ ರಂಗೋಲಿಯಲ್ಲಿ ಮರ ಬಿಡಿಸಿದರೂ ಆಯಿತು.

ಮೂರನೆಯದು, ನಮ್ಮ ನಮ್ಮ ಬ್ಲಾಕಿನ ಮರಗಳ ಬುಡ ನೋಡೋಣ. ಎಷ್ಟೋ ಮರಗಳಿಗೆ ಕಾಂಡದವರೆಗೆ ಸಿಮೆಂಟು ಮೆತ್ತಿರುತ್ತಾರೆ, ನೀರು ಇಂಗಲು ಜಾಗವಿಲ್ಲ. ಬೋರ್ಡಿಗೆಂದು ಮೊಳೆ ಹೊಡೆದಿರುತ್ತಾರೆ, ದೀಪದ ವೈರು ಬಿಗಿದು ಹಾಗೇ ಬಿಟ್ಟಿರುತ್ತಾರೆ. ಮನೆಯ ಗಿಡಕ್ಕೆ ಪಾತಿ ಮಾಡುವ ನಮಗೆ ಇದು ಕಾಣದಿದ್ದರೆ ಇನ್ಯಾರಿಗೆ ಕಾಣಬೇಕು? ಬ್ಲಾಕ್ ಕಮಿಟಿಗೆ ಒಂದು ಅರ್ಜಿ ಬರೆಯೋಣ. ಅರಣ್ಯವಲ್ಲದ ಜಾಗದ ಮರಗಳ ರಕ್ಷಣೆಗೆ ಪಶ್ಚಿಮ ಬಂಗಾಳದಲ್ಲಿ 2006ರ ಕಾಯ್ದೆ ಇದೆ, ಕರ್ನಾಟಕದಲ್ಲಿ 1976ರಿಂದಲೇ ಕಾಯ್ದೆ ಇದೆ. ಕೇಳುವವರಿದ್ದರೆ ಕಾನೂನಿಗೂ ಜೀವ ಬರುತ್ತದೆ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಪ್ರತಿಯೊಬ್ಬರೂ ನಿಮ್ಮ ತವರೂರಿನ ಒಂದು ಮರದ ಬಗ್ಗೆ ಒಂದು ಪುಟ ಬರೆದುಕೊಡಿ. ಯಾವ ಮರ, ಎಲ್ಲಿದೆ, ಯಾರು ನೆಟ್ಟರಂತೆ, ಕಟ್ಟೆ ಕಟ್ಟಿಸಿದ್ದು ಯಾರು, ಅದರ ಕೆಳಗೆ ಏನೇನು ನಡೆಯುತ್ತಿತ್ತು, ಈಗ ಇದೆಯೋ ಹೋಯಿತೋ. ಅಮ್ಮನಿಗೆ, ಅತ್ತೆಗೆ, ದೊಡ್ಡಮ್ಮನಿಗೆ ಫೋನು ಮಾಡಿ ಕೇಳಿ. ಅವರು ಇರುವಾಗಲೇ ಕೇಳಿ. ಸರ್ಕಾರ ಒಂದು ಮರವನ್ನು ಪಾರಂಪರಿಕ ಎಂದು ಒಪ್ಪಬೇಕಾದರೆ ಊರಿನ ಜನರ ನೆನಪೂ ಬೇಕು, ಆ ನೆನಪು ಬಹಳಷ್ಟು ಹೆಂಗಸರ ಬಾಯಲ್ಲಿದೆ, ಕಾಗದದಲ್ಲಿ ಇಲ್ಲ. ಮುಂದಿನ ವರ್ಷದ ಸಂಚಿಕೆಯಲ್ಲಿ ಈ ಪುಟಗಳೆಲ್ಲ ಸೇರಿದರೆ, ಕೋಲ್ಕತ್ತೆಯಲ್ಲಿ ಕುಳಿತೇ ನಾವು ಕರ್ನಾಟಕದ ಮರಗಳ ಒಂದು ಚಿಕ್ಕ ಖಾತೆ ಪುಸ್ತಕ ಮಾಡಿದಂತಾಗುತ್ತದೆ.

‘ಅಜ್ಜ ನೆಟ್ಟ ಆಲದ ಮರ’ ಅಂದ ಕೂಡಲೇ ನಮಗೆ ನೆನಪಾಗುವುದು ಅದಕ್ಕೇ ನೇಣು ಹಾಕಿಕೊಳ್ಳುವ ಗಾದೆ. ಹಳೆಯದನ್ನು ಕುರುಡಾಗಿ ಹಿಡಿದು ಕೂರಬೇಡಿ ಎಂದು ಹಿರಿಯರು ಬುದ್ಧಿ ಹೇಳಿದ್ದು ಸರಿಯೇ. ಆದರೆ ಆಲ ತಾನೇ ಹಾಗೆ ಬದುಕುವುದಿಲ್ಲ. ಕೊಳೆತ ಬೊಡ್ಡೆಯನ್ನು ಬಿಟ್ಟುಕೊಟ್ಟು ಹೊಸ ಬಿಳಲಿನ ಮೇಲೆ ನಿಲ್ಲುತ್ತದೆ. ಚಿತೆಯ ಕಥೆ ಬಿಟ್ಟು ನೀರು ಹೊತ್ತ ಕಥೆಯನ್ನು ಮಕ್ಕಳಿಗೆ ಹೇಳೋಣ. ನೇಣಿಗೆ ಕೊಂಬೆ ಹುಡುಕುವ ಗಾದೆಯ ಪಕ್ಕದಲ್ಲಿ, ಅಜ್ಜಿ ನೆಟ್ಟ ಆಲದ ಮರದ ನೆರಳಿನಲ್ಲಿ ಕೂರುವ ಗಾದೆಯೊಂದನ್ನು ನಾವೇ ಹುಟ್ಟಿಸೋಣ.

 ನಿಮ್ಮ ಊರಿನ ಮರದ ಪುಟಕ್ಕಾಗಿ ಕಾಯುತ್ತಿರುತ್ತೇನೆ.